ಆವಿಗೆಯ ಬೆಂಕಿ ಬೇಡಿದ್ದೇನು?

ತ್ಯಾಗವೆಂಬ ಶಬ್ದವನ್ನು ಕೇಳಿದೊಡನೆಯೇ ನಮ್ಮ ತಲೆ ತಾನಾಗಿ ಬಾಗುತ್ತದೆ. ತನ್ನದನ್ನು ಬಿಟ್ಟುಕೊಟ್ಟವನು ದೊಡ್ಡವನು, ತನ್ನನ್ನೇ ಅರ್ಪಿಸಿಕೊಂಡವನು ಅವನಿಗಿಂತಲೂ ದೊಡ್ಡವನು ಎಂಬುದು ಎಲ್ಲ ದೇಶಗಳ, ಎಲ್ಲ ಧರ್ಮಗಳ ಒಮ್ಮತದ ಮಾತು. ಆದರೆ ಆತ್ಮಾರ್ಪಣೆಯ ಪ್ರತಿಯೊಂದು ಕಥೆಯಲ್ಲಿಯೂ ಕೊಟ್ಟವನೊಬ್ಬನಿರುವಂತೆ ಪಡೆದವನೊಬ್ಬನೂ ಇರುತ್ತಾನೆ. ಕೊಟ್ಟವನನ್ನು ಹೊಗಳುವ ಉತ್ಸಾಹದಲ್ಲಿ ಪಡೆದವನನ್ನು ಕುರಿತು ವಿಚಾರಿಸುವುದನ್ನು ನಾವು ಮರೆಯುತ್ತೇವೆ. ಒಬ್ಬನು ತಾನಾಗಿ ನೀಡಿದರೆ ಅದು ತ್ಯಾಗ; ಮತ್ತೊಬ್ಬನು ಅವನಿಂದ ಕಿತ್ತುಕೊಂಡರೆ ಅದು ಬಲಿ. ಇವೆರಡರ ನಡುವಣ ಗೆರೆ ಅಳಿಸಿಹೋದರೆ ಧರ್ಮಕ್ಕೆ ಒದಗುವ ಹಾನಿ ಅಲ್ಪವಾದುದಲ್ಲ. ಈ ಸೂಕ್ಷ್ಮವನ್ನು ವಿವೇಚಿಸುವುದಕ್ಕಾಗಿ, ಚೀನಾ ದೇಶದ ಕುಂಬಾರರ ನಡುವೆ ನಾಲ್ಕು ಶತಮಾನಗಳಿಂದ ಉಳಿದುಬಂದಿರುವ ಒಂದು ಕಥೆಯನ್ನು ವಾಚಕರ ಮುಂದಿಡಲು ಬಯಸುತ್ತೇವೆ. ಮಣ್ಣಿನ ಕಾಯಕದಿಂದ ಹುಟ್ಟಿದ ಕಥೆಯಾದುದರಿಂದ ದೇಶ ದೂರವಾದರೂ ಅದರ ಅರ್ಥ ನಮಗೆ ದೂರವಾಗದು.

ಚೀನಾದ ಜಿಯಾಂಗ್‌ಷಿ ಪ್ರಾಂತದಲ್ಲಿ, ಚಾಂಗ್ ನದಿಯ ದಡದ ಮೇಲೆ, ಜಿಂಗ್‌ಡೆಜೆನ್ ಎಂಬ ಪಟ್ಟಣವಿದೆ. ಸುಂಗ್ ವಂಶದ ಚಕ್ರವರ್ತಿಯೊಬ್ಬನು 1004ರಲ್ಲಿ ತೊಡಗಿದ ತನ್ನ ‘ಜಿಂಗ್‌ಡೆ’ ಎಂಬ ಶಕೆಯ ಹೆಸರನ್ನೇ ಈ ಊರಿಗೆ ದಯಪಾಲಿಸಿದನು. ಅಂದಿನಿಂದ ಇಂದಿನವರೆಗೆ ಪಿಂಗಾಣಿಯೆಂದರೆ ಈ ಊರು, ಈ ಊರೆಂದರೆ ಪಿಂಗಾಣಿ ಎಂಬಂತೆ ಅದರ ಕೀರ್ತಿ ಹಬ್ಬಿದೆ. ಸಮೀಪದ ಗಾವೊಲಿಂಗ್ ಎಂಬ ಗುಡ್ಡದಲ್ಲಿ ದೊರೆಯುತ್ತಿದ್ದ ಬಿಳಿಯ ಮಣ್ಣು ಆ ಗುಡ್ಡದ ಹೆಸರಿನಿಂದಲೇ ‘ಕೆಯೊಲಿನ್’ ಎಂದು ಲೋಕಪ್ರಸಿದ್ಧವಾಯಿತು. ಈ ಮಣ್ಣಿನೊಡನೆ ಬೇರೊಂದು ಬಗೆಯ ಕಲ್ಲನ್ನು ಕುಟ್ಟಿ, ಪುಡಿಮಾಡಿ, ನೀರಿನಲ್ಲಿ ತೊಳೆದು ಬೆರೆಸುತ್ತಾರೆ. ಕಲ್ಲು ಬೆಂಕಿಯಲ್ಲಿ ಕರಗಿ ಗಾಜಿನಂತಾಗುತ್ತದೆ. ಮಣ್ಣು ಕರಗದೆ ನಿಂತು ಪಾತ್ರೆಯ ಆಕಾರವನ್ನು ಹಿಡಿದಿಡುತ್ತದೆ. ಆದುದರಿಂದ ಅಲ್ಲಿಯ ಕುಶಲಿಗಳು ಕಲ್ಲನ್ನು ಪಿಂಗಾಣಿಯ ಮಾಂಸವೆಂದೂ, ಮಣ್ಣನ್ನು ಅದರ ಎಲುಬೆಂದೂ ಕರೆದರು. ಕಲ್ಲನ್ನು ಮಾತ್ರ ಕೊಂಡೊಯ್ದು ಪಿಂಗಾಣಿ ಮಾಡಲೆತ್ನಿಸಿ ಸೋತ ಐರೋಪ್ಯರನ್ನು ಕುರಿತು, ಎಲುಬಿಲ್ಲದ ದೇಹವನ್ನು ಮಾಡಹೊರಟವರೆಂದು ಅಲ್ಲಿಯ ವರ್ತಕನೊಬ್ಬನು ನಕ್ಕನಂತೆ. ಎಲುಬು ಮತ್ತು ಮಾಂಸಗಳ ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಅದು ಮುಂದೆ ಬೇರೊಂದು ಅರ್ಥದಲ್ಲಿ ಮರಳಿ ಬರುತ್ತದೆ.

ಈ ಕೆಲಸ ಒಬ್ಬರ ಕೈಯದಲ್ಲ. 1637ರಲ್ಲಿ ಸುಂಗ್ ಯಿಂಗ್‌ಷಿಂಗ್ ಎಂಬ ಪಂಡಿತನು ಚೀನಾದ ಕೈಗಾರಿಕೆಗಳನ್ನು ಕುರಿತು ರಚಿಸಿದ ಗ್ರಂಥದಲ್ಲಿ, ಒಂದು ಬಟ್ಟಲು ಸಿದ್ಧವಾಗುವಷ್ಟರಲ್ಲಿ 72 ಕೈಗಳನ್ನು ದಾಟಿರುತ್ತದೆಂದು ಲೆಕ್ಕ ಹೇಳಿದ್ದಾನೆ. 18ನೆಯ ಶತಮಾನದ ಆದಿಯಲ್ಲಿ ಆ ಪ್ರದೇಶದಲ್ಲಿ ನೆಲೆಸಿದ್ದ ಫ್ರಾನ್ಸ್ ದೇಶದ ಕ್ರೈಸ್ತ ಪಾದ್ರಿ ದಾಂತ್ರ್‌ಕೊಲ್ ಎಂಬವರು 1712 ಮತ್ತು 1722ರಲ್ಲಿ ಬರೆದ ಎರಡು ದೀರ್ಘ ಪತ್ರಗಳಲ್ಲಿ ಆ ಊರಿನ ಕಣ್ಣಾರೆ ಕಂಡ ಚಿತ್ರವಿದೆ. ರಾತ್ರಿಯ ಹೊತ್ತು ಆವಿಗೆಗಳ ಉರಿಯಿಂದ ಊರಿಗೆ ಊರೇ ಹೊತ್ತಿಕೊಂಡಂತೆ ತೋರುತ್ತಿತ್ತು ಎಂದು ಅವರು ಬರೆದಿದ್ದಾರೆ. ಕಣ್ಣಿಲ್ಲದವರು ಮತ್ತು ಅಂಗವಿಕಲರು ಕೂಡ ಬಣ್ಣ ಅರೆದು ಅನ್ನ ಸಂಪಾದಿಸುತ್ತಿದ್ದರೆಂಬ ಮಾತೂ ಅಲ್ಲಿದೆ. ಒಂದು ಬಟ್ಟಲಿನ ಹಿಂದೆ ಇಷ್ಟೊಂದು ಜೀವಗಳು ಹೊಂದಿಕೊಂಡು ದುಡಿಯುವುದು ಒಂದು ಸುಂದರವಾದ ಸಮಾಜಚಿತ್ರವೇ ಸರಿ. ಇದೇ ಊರಿನಲ್ಲಿ ಮಿಂಗ್ ವಂಶದ ಅರಸರ ಕಾಲಕ್ಕೆ ಅರಮನೆಗೆಂದೇ ಮೀಸಲಾದ ಕಾರ್ಖಾನೆಯೊಂದು ನಡೆಯುತ್ತಿತ್ತು. ಕಥೆ ಹುಟ್ಟಿದ್ದು ಅಲ್ಲಿ.

ಅರಮನೆಯ ಬೇಡಿಕೆಗಳಲ್ಲಿ ಅತಿ ಕಠಿನವಾದುದು ದೊಡ್ಡ ಬಾನಿಗಳದು. ಡ್ರ್ಯಾಗನ್ ಎಂಬ ಸರ್ಪಾಕಾರದ ದಿವ್ಯಪ್ರಾಣಿಯ ಚಿತ್ರವುಳ್ಳ, ಮಗುವೊಂದು ಒಳಗೆ ಅಡಗಿ ಕುಳಿತುಕೊಳ್ಳಬಹುದಾದಷ್ಟು ದೊಡ್ಡ ಬಾನಿಗಳವು. ಮಣ್ಣು ಒಣಗುವಾಗಲೂ ಬೇಯುವಾಗಲೂ ಕುಗ್ಗುತ್ತದೆ. ಚಿಕ್ಕ ಬಟ್ಟಲಿನಲ್ಲಿ ಆ ಕುಗ್ಗುವಿಕೆ ಸಮವಾಗಿ ನಡೆಯುತ್ತದೆ. ದಪ್ಪ ಗೋಡೆಯ ದೊಡ್ಡ ಬಾನಿಯಲ್ಲಿ ಹೊರಮೈ ಬೇಗನೆಯೂ ಒಳಮೈ ನಿಧಾನವಾಗಿಯೂ ಕುಗ್ಗುವುದರಿಂದ ಬಿರುಕು ಬಿಡುತ್ತದೆ. ಸುಮಾರು 1300 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಮೆತ್ತಗಾದ ಪಿಂಗಾಣಿ ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ. ಹತ್ತಾರು ಬಾನಿಗಳು ಹಾಳಾದ ಮೇಲೆ ಒಂದು ಉಳಿದರೆ ಅದು ಪುಣ್ಯ. ಚಿಕ್ಕಪುಟ್ಟ ದೋಷವಿದ್ದ ಪಾತ್ರೆಯೂ ಅರಮನೆಗೆ ಸಲ್ಲುತ್ತಿರಲಿಲ್ಲ. ಅದನ್ನು ಮತ್ತೊಬ್ಬರು ಬಳಸಲೂಬಾರದಾಗಿತ್ತು. ಅಂಥವುಗಳನ್ನು ಒಡೆದು ಹೂಳುತ್ತಿದ್ದರು. 1980ರ ದಶಕದಲ್ಲಿ ಆ ಕಾರ್ಖಾನೆಯ ನಿವೇಶನವನ್ನು ಅಗೆದಾಗ ಇಂಥ ಒಡಕು ಚೂರುಗಳ ರಾಶಿರಾಶಿಗಳೇ ದೊರೆತವು. ಒಬ್ಬನ ಕಣ್ಣಿಗೆ ಸಂಪೂರ್ಣವಾಗಿ ಕಾಣಬೇಕೆಂದು ನೂರಾರು ಜನರ ದುಡಿಮೆ ಮಣ್ಣುಪಾಲಾದುದಕ್ಕೆ ಆ ಚೂರುಗಳೇ ಸಾಕ್ಷಿ.

ವಾನ್‌ಲಿ ಚಕ್ರವರ್ತಿಯ ಆಳ್ವಿಕೆಯಲ್ಲಿ, 1599ರಲ್ಲಿ, ಪಾನ್ ಷಿಯಾಂಗ್ ಎಂಬ ಅಂತಃಪುರದ ಕಂಚುಕಿಯು ಆ ಪ್ರಾಂತದ ಗಣಿಗಳ ತೆರಿಗೆಗೂ ಪಿಂಗಾಣಿಯ ಉಸ್ತುವಾರಿಗೂ ಅಧಿಕಾರಿಯಾಗಿ ಬಂದನು. ದೊಡ್ಡ ಬಾನಿಗಳು ಬೇಕೆಂದು ಅಪ್ಪಣೆಯಾಗಿತ್ತು. ಅವು ಒಂದಾದ ಮೇಲೊಂದು ಒಡೆಯುತ್ತ ಹೋದವು. ಕೆಲಸಗಾರರಿಗೆ ಅನ್ನದ ಕೊರತೆ. ಮೇಲೆ ಚಾವಟಿಯ ಏಟು. ಥೊಂಗ್ ಬಿನ್ ಎಂಬ ಕುಂಬಾರನು ತನ್ನ ಸಂಗಡಿಗರ ಈ ಸಂಕಟವನ್ನು ನೋಡಲಾರದೆ ಉರಿಯುವ ಆವಿಗೆಯೊಳಕ್ಕೆ ಹಾರಿಕೊಂಡನೆಂದು ಪರಂಪರೆ ಹೇಳುತ್ತದೆ. ಮರುದಿನ ಆವಿಗೆಯನ್ನು ತೆರೆದಾಗ ಬಾನಿ ಬಿರುಕಿಲ್ಲದೆ ನಿಂತಿತ್ತಂತೆ. ಕೆಲವೇ ವರ್ಷಗಳಲ್ಲಿ ಆ ಊರಿನ ಜನರು ದಂಗೆಯೆದ್ದು ಅರಮನೆಯ ಕಾರ್ಖಾನೆಯ ಕಟ್ಟಡಗಳಿಗೆ ಬೆಂಕಿಯಿಟ್ಟರೆಂಬುದು ಇತಿಹಾಸ. ಮಡಿದ ಕುಂಬಾರನಿಗೆ ಒಂದು ಗುಡಿಯಾಯಿತು. ಗಾಳಿ ಮತ್ತು ಬೆಂಕಿಗಳ ಒಡೆಯನೆಂಬ ಬಿರುದಿನಿಂದ ಅವನು ಆವಿಗೆಯ ದೇವರಾದನು. ಜನರ ಕೋಪವನ್ನು ತಣಿಸುವುದಕ್ಕಾಗಿ ಅಧಿಕಾರಿಗಳೇ ಗುಡಿಗೆ ಒಪ್ಪಿದರೆಂಬ ಮಾತೂ ಪರಂಪರೆಯಲ್ಲಿದೆ.

ಇಲ್ಲಿ ಎಲುಬು ಮತ್ತು ಮಾಂಸಗಳ ಮಾತು ಮರಳಿ ಬರುತ್ತದೆ. ಮಣ್ಣೇ ಎಲುಬು, ಕಲ್ಲೇ ಮಾಂಸ ಎಂದು ದಿನವೂ ಆಡುತ್ತಿದ್ದ ಜನರ ಬಾಯಲ್ಲಿ, ಈ ಬಾನಿಯು ಮನುಷ್ಯನೊಬ್ಬನ ಎಲುಬು ಮಾಂಸಗಳಿಂದಲೇ ಆಯಿತೆಂಬ ನಂಬಿಕೆ ಬೆಳೆದುದು ಸಹಜವೇ ಆಗಿದೆ. ಜಾನಪದವು ಸುಳ್ಳು ಹೇಳುವುದಿಲ್ಲ. ತನ್ನ ಕಸುಬಿನ ಭಾಷೆಯಲ್ಲಿ ಸತ್ಯವನ್ನು ಹೇಳುತ್ತದೆ. ಅರಸನ ಮನೆಯ ಬಾನಿಯಲ್ಲಿ ಕುಂಬಾರರ ದೇಹ ಸವೆದಿತ್ತು ಎಂಬುದು ಕಾವ್ಯಾಲಂಕಾರವಲ್ಲ, ಅವರ ನಿತ್ಯಾನುಭವ.

ಇಂಥ ಕಥೆ ಇದೊಂದೇ ಅಲ್ಲ. ಕೆಂಪು ಬಣ್ಣದ ಪಿಂಗಾಣಿಯನ್ನು ಕುರಿತು ಬೇರೆ ಬೇರೆ ಊರುಗಳಲ್ಲಿ ಪ್ರಚಲಿತವಿರುವ ಕಥೆಗಳಲ್ಲಿ ಆವಿಗೆಗೆ ಹಾರುವವಳು ಕುಂಬಾರನ ಮಗಳು. ತಂದೆಗೆ ಒದಗಲಿರುವ ದಂಡನೆಯನ್ನು ತಪ್ಪಿಸಲು ಅವಳು ಬೆಂಕಿಗೆ ಬೀಳುತ್ತಾಳೆ. ಮರುದಿನ ಪಾತ್ರೆಗಳು ರಕ್ತದಂತೆ ಕೆಂಪೇರಿರುತ್ತವೆ. ಈ ಕೆಂಪು ತಾಮ್ರದಿಂದ ಬರುವ ಬಣ್ಣ. ಆವಿಗೆಯೊಳಗೆ ಗಾಳಿ ಸ್ವಲ್ಪ ಹೆಚ್ಚಾದರೆ ಅದು ಹಸಿರಾಗುತ್ತದೆ, ಕಾವು ಹೆಚ್ಚಾದರೆ ಮಾಸಿಹೋಗುತ್ತದೆ. 15ನೆಯ ಶತಮಾನದ ಆದಿಯಲ್ಲಿ ಸೊಗಸಾಗಿ ಬರುತ್ತಿದ್ದ ಈ ಬಣ್ಣ ಆಮೇಲೆ ಕುಂಬಾರರ ಕೈತಪ್ಪಿತು. ಕಾರಣ ಕಾಣದ ಸೋಲಿಗೆ ಕಥೆಯು ಒಂದು ಕಾರಣವನ್ನು ಕೊಟ್ಟಿತು: ಬೆಂಕಿಗೆ ಜೀವ ಬೇಕು. ಆದರೆ 18ನೆಯ ಶತಮಾನದ ಮೊದಲ ವರ್ಷಗಳಲ್ಲಿ ಕಾಂಗ್‌ಷಿ ಚಕ್ರವರ್ತಿಯ ಕಾಲದ ಕುಂಬಾರರು ಅದೇ ಕೆಂಪನ್ನು ಮತ್ತೆ ಸಾಧಿಸಿದರು. ಯಾರ ಮಗಳನ್ನೂ ಅವರು ಆವಿಗೆಗೆ ಒಪ್ಪಿಸಲಿಲ್ಲ. ಉರಿಯನ್ನೂ ಗಾಳಿಯನ್ನೂ ಮೆರುಗಿನ ಬೆರಕೆಯನ್ನೂ ತಾಳ್ಮೆಯಿಂದ ಪರೀಕ್ಷಿಸಿದರು. ಹಾಗಾದರೆ ಬೆಂಕಿ ಬೇಡಿದ್ದೇನು? ಕಾಲವನ್ನು, ತಿಳಿವಳಿಕೆಯನ್ನು, ಸೋಲನ್ನು ಸಹಿಸುವ ಮನಸ್ಸನ್ನು. ಜೀವವನ್ನು ಬೇಡಿದ್ದು ಬೆಂಕಿಯಲ್ಲ, ಅರಸನ ಆತುರ. ಅವನ ಆತುರದ ಹೊಣೆಯನ್ನು ಬೆಂಕಿಯ ತಲೆಗೆ ಕಟ್ಟಿದ್ದೇ ಕಥೆಯಲ್ಲಿ ನಡೆದ ಮೊದಲನೆಯ ಅನ್ಯಾಯ.

ಎರಡನೆಯ ಅನ್ಯಾಯವು ಕಥೆಯನ್ನು ಹೇಳುವ ರೀತಿಯಲ್ಲಿ ನಡೆಯುತ್ತದೆ. ದಾಂತ್ರ್‌ಕೊಲ್ ಪಾದ್ರಿಗಳು ಈ ಕಥೆಯನ್ನು ಕೆಲಸಗಾರರ ನಡುವೆ ಕೇಳಿ ಬರೆದುಕೊಂಡರು. ಅವರ ಬರಹದಲ್ಲಿ ಅರಸನ ಹಟವಿದೆ, ಅಧಿಕಾರಿಗಳ ಹೊಡೆತವಿದೆ, ಕುಂಬಾರನ ಹತಾಶೆಯಿದೆ. 1887ರಲ್ಲಿ ಲಾಫ್ಕಾಡಿಯೊ ಹರ್ನ್ ಎಂಬ ಪ್ರಸಿದ್ಧ ಲೇಖಕರು ಇದೇ ಕಥೆಯನ್ನು ರಮ್ಯವಾಗಿ ವಿಸ್ತರಿಸಿ ಪ್ರಕಟಿಸಿದರು. ಅಲ್ಲಿ ಚಾವಟಿ ಮಾಯವಾಗಿದೆ. ಜೀವಂತ ಚರ್ಮದಂತೆ ಮಿಡಿಯುವ ಪಾತ್ರೆಯನ್ನು ಅರಸನು ಬಯಸುತ್ತಾನೆ. ಪಾತ್ರೆಗೆ ಪ್ರಾಣ ಬೇಕಾದರೆ ಪ್ರಾಣವನ್ನೇ ಕೊಡಬೇಕೆಂದು ಬೆಂಕಿಯ ಅಧಿದೇವತೆ ನುಡಿಯುತ್ತದೆ. ಕಲಾವಿದನು ಕಲೆಗಾಗಿ ತನ್ನನ್ನು ಅರ್ಪಿಸಿಕೊಳ್ಳುತ್ತಾನೆ. ಕಥೆ ಮನೋಹರವಾಯಿತು. ಆದರೆ ಹೊಡೆದ ಕೈ ಚಿತ್ರದಿಂದ ಹೊರಗುಳಿಯಿತು. ಮೊದಲಿನ ಕಥೆಯನ್ನು ಕೇಳಿದವನು ‘ಹೀಗಾಗಬಾರದಿತ್ತು’ ಎನ್ನುತ್ತಾನೆ. ಎರಡನೆಯದನ್ನು ಓದಿದವನು ‘ಎಂಥ ಭವ್ಯತೆ’ ಎನ್ನುತ್ತಾನೆ. ಒಂದೇ ಸಾವು, ಹೇಳುವವನ ಬಾಯಿಗೆ ತಕ್ಕಂತೆ ಅಪರಾಧವೂ ಆಗಬಹುದು, ಆಭರಣವೂ ಆಗಬಹುದು.

ಇಲ್ಲಿ ಒಂದು ಆಕ್ಷೇಪಣೆಯನ್ನು ಎದುರಿಸಬೇಕಾಗುತ್ತದೆ. ಆ ಕುಂಬಾರನನ್ನು ಯಾರೂ ನೂಕಲಿಲ್ಲ, ಅವನು ತಾನಾಗಿಯೇ ಹಾರಿದನು. ಸಂಗಡಿಗರನ್ನು ಉಳಿಸಬೇಕೆಂಬ ಕರುಣೆಯೇ ಅವನಿಗೆ ಪ್ರೇರಣೆ. ಅದನ್ನು ಬಲಿಯೆಂದರೆ ಅವನ ಹಿರಿಮೆಗೆ ಕುಂದಲ್ಲವೆ ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದುದು. ಒಂದೇ ಕ್ರಿಯೆಯನ್ನು ಎರಡು ಕಡೆಯಿಂದ ತೂಗಬೇಕು ಎಂಬುದೇ ಇದಕ್ಕೆ ಉತ್ತರ. ಕೊಟ್ಟವನ ಕಡೆಯಿಂದ ತೂಗಿದಾಗ ಅದು ಪರಮಕರುಣೆ. ಅದಕ್ಕೆ ನಾವು ಕೈಮುಗಿಯೋಣ. ಪಡೆದವನ ಕಡೆಯಿಂದ ತೂಗಿದಾಗ ಅದು ಘೋರ ಪಾತಕ. ಕೊಟ್ಟವನ ಪುಣ್ಯವು ಪಡೆದವನ ಪಾಪವನ್ನು ಎಳ್ಳಷ್ಟೂ ಕಡಿಮೆ ಮಾಡದು. ಹೊಳೆಗೆ ಬಿದ್ದ ಮಗುವನ್ನು ಎತ್ತಲು ಹೋಗಿ ಮಡಿದವನನ್ನು ಕೊಂಡಾಡುತ್ತೇವೆ. ಆದರೆ ಮಗುವನ್ನು ಹೊಳೆಗೆ ನೂಕಿದವನಿದ್ದರೆ ಅವನನ್ನು ಅದೇ ಹಾಡಿನಲ್ಲಿ ಮರೆಸಿಬಿಡುವುದು ಧರ್ಮವಲ್ಲ. ತ್ಯಾಗವು ಒಬ್ಬನು ತನಗೆ ತಾನೇ ವಿಧಿಸಿಕೊಳ್ಳಬಹುದಾದ ವ್ರತ. ಮತ್ತೊಬ್ಬನಿಗೆ ಅದನ್ನು ಉಪದೇಶಿಸುವ ಅಧಿಕಾರ ಗುರುವಿಗೂ ಇಲ್ಲ, ಅರಸನಿಗೂ ಇಲ್ಲ.

ನಮ್ಮ ನಾಡಿನ ವಾಚಕರಿಗೆ ಈ ಹೊತ್ತಿಗೆ ‘ಕೆರೆಗೆ ಹಾರ’ದ ಭಾಗೀರಥಿಯ ನೆನಪಾಗಿರಬೇಕು. ಊರಗೌಡನು ಕಟ್ಟಿಸಿದ ಕೆರೆಗೆ ನೀರು ಬಾರದೆ ಹೋದಾಗ ಮನೆಯ ಕಿರಿಯ ಸೊಸೆಯನ್ನು ಹಾರ ಕೊಡಬೇಕೆಂದು ಹಿರಿಯರು ಗೊತ್ತುಪಡಿಸುತ್ತಾರೆ. ಮನೆಯಲ್ಲಿ ಇಷ್ಟು ಜನರಿರುವಾಗ ಕಿರಿಯ ಸೊಸೆಯೇ ಏಕೆ? ಮಾತು ನಡೆಯದವಳು ಅವಳು. ತವರಿಗೆ ಹೋದರೂ ತನ್ನ ಸಂಕಟವನ್ನು ಬಿಚ್ಚಿ ಹೇಳಲಾರದವಳು. ಬಲಿಯ ಆಯ್ಕೆ ಬೀಳುವುದು ಎಲ್ಲ ಕಾಲದಲ್ಲಿಯೂ ದನಿಯಿಲ್ಲದವರ ಮೇಲೆಯೇ ಎಂಬುದನ್ನು ಆ ಹಾಡು ಒಂದು ಟೀಕೆಯನ್ನೂ ಮಾಡದೆ ತೋರಿಸಿಕೊಡುತ್ತದೆ. ದಂಡಿನಿಂದ ಮರಳಿದ ಗಂಡನು ಅದೇ ಕೆರೆಗೆ ಹಾರಿಕೊಳ್ಳುವುದರೊಂದಿಗೆ ಹಾಡು ಮುಗಿಯುತ್ತದೆ. ತುಂಬಿದ ಕೆರೆಯನ್ನು ನೋಡಿ ಸಂತೋಷಪಡಲು ನಮ್ಮ ಜನಪದ ಕವಿಯು ಕೇಳುಗನಿಗೆ ಅವಕಾಶವನ್ನೇ ಕೊಡಲಿಲ್ಲ. ಶತಮಾನಗಳಿಂದ ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಅದನ್ನು ಹಾಡಿ ಅತ್ತರು. ಆ ಅಳುವಿನಲ್ಲಿ ನ್ಯಾಯದ ಪ್ರಜ್ಞೆಯಿದೆ. ಚೀನಾದ ಕೆಲಸಗಾರರು ತಮ್ಮ ಸಂಗಡಿಗನಿಗೆ ಕೈಮುಗಿದಾಗಲೂ ಆ ಪ್ರಜ್ಞೆ ಜಾಗೃತವಾಗಿಯೇ ಇತ್ತು. ಇಲ್ಲದಿದ್ದರೆ ಅವರು ದಂಗೆಯೇಳುತ್ತಿರಲಿಲ್ಲ. ಪೂಜೆಯು ನೆನಪಾಗಿ ಉಳಿದರೆ ಅದು ಧರ್ಮ. ಕೋಪವನ್ನು ತಣಿಸುವ ಉಪಾಯವಾದರೆ ಅದು ರಾಜನೀತಿ. ಒಂದೇ ಗುಡಿಯಲ್ಲಿ ಎರಡೂ ಇರಬಹುದು. ಗುಡಿಯ ಹೊಸ್ತಿಲಲ್ಲಿ ನಿಂತವನು ತಾನು ಯಾವುದಕ್ಕೆ ಕೈಮುಗಿಯುತ್ತಿದ್ದೇನೆಂದು ತನ್ನನ್ನು ಕೇಳಿಕೊಳ್ಳಬೇಕು.

ಮಡಿದ ಕುಂಬಾರನಿಗೆ ಸಲ್ಲಬೇಕಾದ ಗೌರವ ಯಾವುದೆಂಬುದಕ್ಕೆ ಅದೇ ಊರಿನ ಇತಿಹಾಸದಲ್ಲಿ ಉಜ್ಜ್ವಲವಾದ ನಿದರ್ಶನವಿದೆ. ಆ ಘಟನೆಯಾಗಿ ಸುಮಾರು 130 ವರ್ಷಗಳ ತರುವಾಯ, 1728ರಲ್ಲಿ, ಥಾಂಗ್ ಯಿಂಗ್ ಎಂಬ ಅಧಿಕಾರಿಯು ಅರಮನೆಯ ಪಿಂಗಾಣಿಯ ಉಸ್ತುವಾರಿಗೆ ಬಂದನು. ಅವನಿಗೆ ಆವಿಗೆಯ ಕೆಲಸ ತಿಳಿದಿರಲಿಲ್ಲ. ಅವನು ಗೆಳೆಯರ ಕೂಟಗಳನ್ನು ತೊರೆದು, ಮೂರು ವರ್ಷಗಳ ಕಾಲ ಕೆಲಸಗಾರರೊಡನೆ ಉಂಡು, ಅವರೊಡನೆ ಮಲಗಿ, ಮಣ್ಣು, ಮೆರುಗು, ಬೆಂಕಿಗಳ ಮರ್ಮವನ್ನು ಅವರಿಂದಲೇ ಕಲಿತನು. ಅಪ್ಪಣೆ ಮಾಡುವವನು ಅಪ್ಪಣೆಯನ್ನು ಹೊರುವವರ ಪಂಕ್ತಿಯಲ್ಲಿ ಕುಳಿತು ಉಂಡುದು ಸಾಮಾನ್ಯ ಸಂಗತಿಯಲ್ಲ. ಅವನ ಉಸ್ತುವಾರಿಯಲ್ಲಿ ಅಲ್ಲಿಯ ಪಿಂಗಾಣಿ ತನ್ನ ಇತಿಹಾಸದ ಅತ್ಯುನ್ನತ ಶಿಖರಗಳಲ್ಲೊಂದನ್ನು ಮುಟ್ಟಿತೆಂದು ಬಲ್ಲವರು ಒಪ್ಪುತ್ತಾರೆ. ಚಾವಟಿಯಿಂದ ಸಿದ್ಧಿಸದುದು ಸಹಪಂಕ್ತಿಯಿಂದ ಸಿದ್ಧಿಸಿತು.

ಅವನು ಮಾಡಿದ ಇನ್ನೊಂದು ಕೆಲಸ ನಮ್ಮ ಮನಸ್ಸನ್ನು ಬಹುವಾಗಿ ಸೆಳೆಯುತ್ತದೆ. ಮಿಂಗ್ ಅರಸರ ಕಾಲದ ದೊಡ್ಡ ಬಾನಿಯೊಂದು ದೋಷಯುಕ್ತವೆಂದು ತಿರಸ್ಕೃತವಾಗಿ ಯಾರಿಗೂ ಬೇಡವಾಗಿ ಬಿದ್ದಿತ್ತು. ಅವನು ಅದನ್ನು ಎತ್ತಿಸಿ ತಂದು ಕುಂಬಾರ ದೇವರ ಗುಡಿಯ ಬಳಿ ಇರಿಸಿದನು. ಅದನ್ನು ಕುರಿತು ಒಂದು ಬರಹವನ್ನೂ ಬರೆದನು. ಮಡಿದವನ ಎಲುಬು ಮಾಂಸಗಳೇ ಆ ಮಣ್ಣಿನಲ್ಲಿ ಕೂಡಿನಿಂತಿವೆಯೆಂಬ ಭಾವವನ್ನು ಅದರಲ್ಲಿ ವ್ಯಕ್ತಪಡಿಸಿದನು. ಅರಮನೆಗೆ ಸಂದ ನಿರ್ದೋಷವಾದ ಬಾನಿಯನ್ನಲ್ಲ, ಅರಮನೆ ಬೇಡವೆಂದ ದೋಷಯುಕ್ತವಾದ ಬಾನಿಯನ್ನು ಅವನು ಪೂಜ್ಯಸ್ಥಾನದಲ್ಲಿರಿಸಿದನು. ಸೋತ ಕೆಲಸದಲ್ಲಿಯೂ ದುಡಿದವನ ಜೀವವಿದೆ, ಆದುದರಿಂದ ಅದಕ್ಕೂ ಗೌರವ ಸಲ್ಲಬೇಕು ಎಂಬ ಅರಿವು ಅಲ್ಲಿದೆ. ಈ ಅರಿವು 1599ರ ಅಧಿಕಾರಿಗೆ ಇದ್ದಿದ್ದರೆ ಒಂದು ಬಾನಿ ಒಡೆಯುತ್ತಿತ್ತು, ಒಬ್ಬ ಮನುಷ್ಯ ಉಳಿಯುತ್ತಿದ್ದನು.

ಇಷ್ಟು ವಿವೇಚಿಸಿದ ಮೇಲೆ ನಮ್ಮ ಕುಂಬಾರ ಗುಂಡಯ್ಯನವರನ್ನು ನೆನೆಯದಿರಲಾದೀತೆ? ಹರಿಹರ ಕವಿಯು ಅವರ ಹೆಸರಿನಲ್ಲಿ ಒಂದು ರಗಳೆಯನ್ನೇ ರಚಿಸಿದ್ದಾನೆ. ಭಲ್ಲುಕೆ ಎಂಬ ಊರಿನಲ್ಲಿ ಮಡಕೆ ಮಾಡುತ್ತಿದ್ದ ಆ ಶರಣರು ಮಡಕೆಯನ್ನು ಬಾರಿಸುತ್ತಿದ್ದರೆ ಆ ನಾದಕ್ಕೆ ಒಲಿದು ಶಿವನೇ ಇಳಿದು ಬಂದು ಕುಣಿದನೆಂಬುದು ಕಥೆ. ಬಡಿದು ನಾದ ಕೇಳುವುದು ಕುಂಬಾರನ ನಿತ್ಯದ ಪರೀಕ್ಷೆ. ಸದ್ದು ಒಡಕಾದರೆ ಬಿರುಕಿದೆ, ಸದ್ದು ತುಂಬಿದ್ದರೆ ಮಡಕೆ ಗಟ್ಟಿ. ಆ ದಿನನಿತ್ಯದ ಕಸುಬಿನ ಸದ್ದೇ ದೇವರನ್ನು ಕರೆಯಿತು. ಇಲ್ಲಿಯೂ ಮಣ್ಣಿದೆ, ಬೆಂಕಿಯಿದೆ, ದೇವರಿದ್ದಾನೆ. ಬಲಿ ಮಾತ್ರ ಇಲ್ಲ. ಅಲ್ಲಿ ಕುಂಬಾರನು ಸತ್ತು ದೇವರಾದನು. ಇಲ್ಲಿ ಕುಂಬಾರನು ಬದುಕಿ ದುಡಿಯುತ್ತಿರುವಾಗಲೇ ದೇವರು ಅವನ ಅಂಗಳಕ್ಕೆ ಬಂದನು. ಒಂದು ಕಥೆ ಶ್ರೇಷ್ಠ, ಇನ್ನೊಂದು ಕನಿಷ್ಠ ಎಂದು ಹೇಳುವುದು ನಮ್ಮ ಉದ್ದೇಶವಲ್ಲ. ಚಾವಟಿಯ ನೆರಳಿನಲ್ಲಿ ಹುಟ್ಟಿದ ಕಥೆಗೂ ಸ್ವತಂತ್ರವಾದ ಅಂಗಳದಲ್ಲಿ ಹುಟ್ಟಿದ ಕಥೆಗೂ ಇರುವ ಅಂತರವನ್ನು ಕಂಡರೆ ಸಾಕು. ದುಡಿಯುವವನಿಗೆ ಸ್ವಾತಂತ್ರ್ಯವೂ ಮರ್ಯಾದೆಯೂ ದೊರೆತಲ್ಲಿ ಅವನ ಕಲ್ಪನೆಯ ದೇವರು ಕುಣಿಯುತ್ತಾನೆ. ಅವು ದೊರೆಯದಲ್ಲಿ ದೇವರಿಗೂ ಬೆಂಕಿಯೇ ಗತಿಯಾಗುತ್ತದೆ. ಕಾಯಕವೆಂಬ ಮಾತಿನ ಪೂರ್ಣಾರ್ಥವು ಈ ಅಂತರದಲ್ಲಿದೆ.

ಇದೆಲ್ಲ ಅರಸರ ಕಾಲದ ಮಾತು, ನಮಗೇನು ಎಂದು ಉದಾಸೀನರಾಗುವಂತಿಲ್ಲ. ಪಿಂಗಾಣಿಯ ಕಲ್ಲನ್ನು ಪುಡಿಮಾಡುವಾಗ ಏಳುವ ನುಣುಪಾದ ಸಿಲಿಕಾ ಧೂಳು ಉಸಿರಿನೊಡನೆ ಪುಪ್ಪುಸಗಳನ್ನು ಸೇರಿ ಅಲ್ಲಿ ಗಾಯದ ಕಲೆಗಳನ್ನು ಉಂಟುಮಾಡುತ್ತದೆ. ಸಿಲಿಕೋಸಿಸ್ ಎಂಬ ಈ ರೋಗ ಬಹುಕಾಲದ ಮೇಲೆ ತಲೆದೋರುತ್ತದೆ. ಕ್ಷಯಕ್ಕೂ ದಾರಿ ಮಾಡಿಕೊಡುತ್ತದೆ. ಒಮ್ಮೆ ಬಂದರೆ ಗುಣಪಡಿಸುವ ಔಷಧವಿಲ್ಲ. ಆದರೆ ಅದನ್ನು ತಡೆಯುವುದು ಸಾಧ್ಯ. ನೀರು ಹಾಯಿಸಿ ಅರೆಯುವುದು, ಧೂಳನ್ನು ಹೀರುವ ಯಂತ್ರಗಳನ್ನು ಇಡುವುದು, ತಕ್ಕ ಮುಖಕವಚ ಕೊಡುವುದು, ಕಾಲಕಾಲಕ್ಕೆ ತಪಾಸಣೆ ಮಾಡಿಸುವುದು, ಇಷ್ಟು ಮಾಡಿದರೆ ಎಷ್ಟೋ ಜೀವಗಳು ಉಳಿಯುತ್ತವೆ. ನಮ್ಮ ದೇಶದಲ್ಲಿ ನೆಲಹಾಸಿನ ಬಿಲ್ಲೆಗಳನ್ನು ತಯಾರಿಸುವ ಅತಿ ದೊಡ್ಡ ಕೇಂದ್ರವಾದ ಗುಜರಾತಿನ ಮೋರ್ಬಿಯ ಕಾರ್ಮಿಕರಲ್ಲಿಯೂ ಈ ರೋಗ ಕಂಡುಬಂದಿದೆ. ನಮ್ಮ ಮನೆ, ಶಾಲೆ, ಮಠ, ಮಂದಿರಗಳ ನೆಲದ ಮೇಲೆ ಹೊಳೆಯುವ ಬಿಲ್ಲೆಗಳು ಅಂಥ ಕೈಗಳನ್ನು ದಾಟಿ ಬಂದಿರಬಹುದು. ಅರಸನಿಗೆ ಬಾನಿ ಬೇಗ ಬೇಕಾಗಿತ್ತು. ನಮಗೆ ಬಿಲ್ಲೆ ಅಗ್ಗವಾಗಿ ಬೇಕಾಗಿದೆ. ಬೇಡಿಕೆಯ ರೂಪ ಬದಲಾದರೂ ಅದನ್ನು ತೆರುವವರು ಬದಲಾಗಿಲ್ಲ. ಅರಸನಾದರೋ ಒಬ್ಬನಿದ್ದನು, ಅವನ ಹೆಸರನ್ನು ಹೇಳಿ ದೂಷಿಸಬಹುದಾಗಿತ್ತು. ಇಂದು ಕೊಳ್ಳುವವರೆಲ್ಲರೂ ಅಷ್ಟಷ್ಟು ಅರಸರೇ.

ಹಾಗೆಂದ ಮಾತ್ರಕ್ಕೆ ಬಟ್ಟಲಿನಲ್ಲಿ ಕುಡಿಯಬಾರದು, ಬಿಲ್ಲೆಯ ಮೇಲೆ ನಡೆಯಬಾರದು ಎಂದು ನಮ್ಮ ಅಭಿಪ್ರಾಯವಲ್ಲ. ಅದರಿಂದ ದುಡಿಯುವವರ ಅನ್ನಕ್ಕೆ ಕುತ್ತು ಬರುವುದಷ್ಟೆ. ಭಕ್ತರು ಕಟ್ಟಡ ಕಟ್ಟಿಸುವಾಗ, ಸಂಸ್ಥೆಗಳು ಸಾಮಗ್ರಿ ಕೊಳ್ಳುವಾಗ, ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಇಂಜಿನಿಯರರೂ ಅಧಿಕಾರಿಗಳೂ ಉದ್ಯಮಿಗಳೂ ಆದವರು ತಮ್ಮ ತಮ್ಮ ಸ್ಥಾನದಲ್ಲಿ ಕುಳಿತು ಅಪ್ಪಣೆ ಮಾಡುವಾಗ, ಬೆಲೆ ಎಷ್ಟು, ಎಂದಿಗೆ ಸಿದ್ಧವಾಗುತ್ತದೆ ಎಂಬ ಎರಡು ಪ್ರಶ್ನೆಗಳ ಜೊತೆಗೆ ಮೂರನೆಯದೊಂದನ್ನು ಕೇಳಬೇಕು: ಇದನ್ನು ಮಾಡುವವನು ಕ್ಷೇಮವಾಗಿದ್ದಾನೆಯೆ? ಕೆಲಸ ತಡವಾಗುವುದಾದರೆ ಆಗಲಿ. ಬೆಲೆ ತುಸು ಏರುವುದಾದರೆ ಏರಲಿ. ಕಲ್ಲಿಗೂ ಮಣ್ಣಿಗೂ ಅದರದರ ಕಾಲವಿದೆ. ಅದನ್ನು ಕಾಯುವ ತಾಳ್ಮೆಯೇ ಕೊಳ್ಳುವವನು ಮಾಡಬಹುದಾದ ತ್ಯಾಗ. ಅಂಥ ತ್ಯಾಗಕ್ಕೆ ಯಾರೂ ಗುಡಿ ಕಟ್ಟುವುದಿಲ್ಲ, ಹಾಡು ಹಾಡುವುದಿಲ್ಲ. ಅದರಿಂದ ಬದುಕಿ ಉಳಿದವನಿಗೆ ತಾನು ಉಳಿದೆನೆಂಬುದೂ ತಿಳಿಯುವುದಿಲ್ಲ.

ಜಿಂಗ್‌ಡೆಜೆನ್ನಿನಲ್ಲಿ ಆವಿಗೆ ಹೊತ್ತಿಸುವಾಗ ಥೊಂಗ್ ಬಿನ್‌ನನ್ನು ಇಂದಿಗೂ ನೆನೆಯುತ್ತಾರೆ. ನೆನೆಯಲಿ, ನಾವೂ ನೆನೆಯೋಣ. ಇನ್ನೊಬ್ಬ ಥೊಂಗ್ ಬಿನ್ ಎಲ್ಲಿಯೂ ದೇವರಾಗಬೇಕಾದ ಪ್ರಸಂಗ ಬಾರದಂತೆ ನಡೆದುಕೊಂಡಾಗಲೇ ಆ ನೆನಪು ಸಾರ್ಥಕವಾಗುವುದು. ಮಣ್ಣನ್ನು ನಂಬಿ ಬಾಳುವ ಎಲ್ಲ ಕೈಗಳಿಗೂ ಅನ್ನವೂ ಆಯುಷ್ಯವೂ ದೊರೆಯಲೆಂದು ಹಾರೈಸುತ್ತೇವೆ.